ತೆಳು ಅಲ್ಯುಮಿನಿಯಂಗೆ ಯಾವ ವೆಲ್ಡಿಂಗ್? ಆರ್ಗಾನ್, ಮಿಗ್, ಗ್ಯಾಸ್, ಲೇಸರ್: ಒಂದು ಹೋಲಿಕೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಆಟೋ ನಗರದ ಕಡೆ ಫ್ಯಾಬ್ರಿಕೇಶನ್ ಅಂಗಡಿ ಇಟ್ಟವರಿಗೆ ಕಬ್ಬಿಣ ಎಂದರೆ ಕೈಗೆ ಕೂತ ಕೆಲಸ. ಗೇಟು, ಗ್ರಿಲ್ಲು, ಶೆಡ್ಡು, ಟ್ರೇಲರ್ ಎಲ್ಲವನ್ನೂ ಲೀಲಾಜಾಲವಾಗಿ ಮಾಡಿ ಮುಗಿಸುತ್ತಾರೆ. ಅದೇ ಅಂಗಡಿಗೆ ಯಾರಾದರೂ ಒಂದು ಮಿಲಿಮೀಟರ್ ಅಲ್ಯುಮಿನಿಯಂ ಶೀಟಿನ ಡಬ್ಬಿ ಹಿಡಿದು ಬಂದು, "ಅಣ್ಣಾರ, ಇದಕ್ಕೊಂದು ಟಾಕಾ ಹಚ್ಚಿ ಕೊಡ್ರಿ" ಅಂದರೆ ಮುಖ ಸಣ್ಣದಾಗುತ್ತದೆ. "ಅದು ನಮ್ಮ ಕಡೆ ಆಗೂದಿಲ್ರಿ" ಎಂದು ವಾಪಸ್ ಕಳಿಸುವವರೇ ಜಾಸ್ತಿ.

ಕೆಲಸ ಇದೆ, ದುಡ್ಡೂ ಇದೆ. ಹಾಗಾದರೆ ಯಾವ ಮಷಿನ್ ತಗೋಬೇಕು? ಆರ್ಗಾನ್ ತಗೋಬೇಕಾ, ಇರುವ ಸಿಒಟು (ಮಿಗ್) ಮಷಿನ್‌ಗೇ ಅಲ್ಯುಮಿನಿಯಂ ವೈರ್ ಹಾಕಬೇಕಾ, ಗ್ಯಾಸ್ ಕಟರ್ ಇಟ್ಟುಕೊಂಡೇ ಸುಧಾರಿಸಬಹುದಾ, ಈಗ ಎಲ್ಲರೂ ವಿಡಿಯೋದಲ್ಲಿ ತೋರಿಸುವ ಲೇಸರ್ ತರಬೇಕಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 2 ಮಿ.ಮೀ. ಒಳಗಿನ ಬಿಡಿ ಕೆಲಸಕ್ಕೆ ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್) ಇರುವ ಆರ್ಗಾನ್ ಮಷಿನ್, ಜೊತೆಗೆ ಕರೆಂಟ್ ಏರಿಳಿಸುವ ಕಾಲಿನ ಪೆಡಲ್. ಉಳಿದವೆಲ್ಲ ಅದರ ಆಚೆಗಿನ ಮಾತು. ಇನ್ನೊಂದು: ಮಷಿನ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 200, 315 ಎಂದು ಗರಿಷ್ಠ ಆಂಪ್ ಬರೆದಿರುತ್ತದಲ್ಲ, ತೆಳು ಶೀಟಿಗೆ ಆ ನಂಬರ್ ಉಪಯೋಗಕ್ಕಿಲ್ಲ. ಕಡಿಮೆ ಎಂದರೆ ಎಷ್ಟು ಆಂಪ್‌ನಲ್ಲಿ ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಜ್ವಾಲೆ, ಅಲುಗಾಡದೆ ನಿಲ್ಲುತ್ತದೆ? ಕೇಳಬೇಕಾದ ಪ್ರಶ್ನೆ ಅದು.

ಅಲ್ಯುಮಿನಿಯಂ ಯಾಕೆ ಇಷ್ಟು ಸತಾಯಿಸುತ್ತದೆ

ಬೆಳಗಾವಿಯಲ್ಲಿ ಹಿಂಡಾಲ್ಕೊದ ಅಲ್ಯುಮಿನಾ ಕಾರ್ಖಾನೆ ಇದೆ. ಬಾಕ್ಸೈಟ್‌ನಿಂದ ಅಲ್ಲಿ ತೆಗೆಯುವ ಬಿಳಿ ಪುಡಿ ಅಲ್ಯುಮಿನಿಯಂ ಆಕ್ಸೈಡ್. ನಿಮ್ಮ ಟೇಬಲ್ ಮೇಲಿನ ಶೀಟಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂತಿರುವ ಪೊರೆಯೂ ಅದೇ ಆಕ್ಸೈಡ್. ಒಳಗಿನ ಲೋಹ ಕರಗುವುದು 660 ಡಿಗ್ರಿಗೆ. ಮೇಲಿನ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಹಾಗಾಗಿ ಒಳಗೆ ಲೋಹ ನೀರಾಗಿದ್ದರೂ ಮೇಲೆ ಪೊರೆ ಚೀಲದಂತೆ ಹಿಡಿದುಕೊಂಡಿರುತ್ತದೆ. ಎರಡು ಅಂಚು ಪಕ್ಕಪಕ್ಕದಲ್ಲೇ ಕರಗಿದರೂ ಒಂದಕ್ಕೊಂದು ಕೂಡುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸೋಣ ಅನ್ನುವಷ್ಟರಲ್ಲಿ ಅಷ್ಟಗಲ ಜಾಗ ಧೊಪ್ಪನೆ ಕೆಳಗೆ ಬೀಳುತ್ತದೆ.

ಬಣ್ಣವೂ ಸುಳಿವು ಕೊಡುವುದಿಲ್ಲ. ಕಬ್ಬಿಣ ಕೆಂಪಾಗಿ, ಹಳದಿಯಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಂ ಕರಗುವ ಕ್ಷಣದವರೆಗೂ ಬೂದು ಬಣ್ಣದಲ್ಲೇ ಸುಮ್ನೆ ಕೂತಿರುತ್ತದೆ. ಜೊತೆಗೆ ಅದು ಸಾದಾ ಕಬ್ಬಿಣಕ್ಕಿಂತ ನಾಲ್ಕೈದು ಪಟ್ಟು ಬೇಗ ಶಾಖ ಹರಿಸುತ್ತದೆ, ಕಾದಾಗ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಶುರುವಿನಲ್ಲಿ ತಣ್ಣಗಿರುವ ಶೀಟು ಎಷ್ಟು ಕೊಟ್ಟರೂ ಶಾಖ ಕುಡಿಯುತ್ತದೆ. ಒಂದು ಗೇಣು ಹೋಗುವಷ್ಟರಲ್ಲಿ ಇಡೀ ತುಂಡೇ ಕಾದಿರುತ್ತದೆ. ಮೊದಲ ಇಂಚಿಗೆ ಸಾಲದಿದ್ದ ಕರೆಂಟೇ ಕೊನೆಯ ಇಂಚಿನಲ್ಲಿ ತೂತು ಹಾಕುತ್ತದೆ. ಈ ಒಂದು ಕಾರಣಕ್ಕೆ, ವೆಲ್ಡಿಂಗ್ ನಡೆದಿರುವಾಗಲೇ ಶಾಖ ಇಳಿಸುವ ದಾರಿ ಯಾವ ವಿಧಾನದಲ್ಲಿದೆ ಎಂದು ನೋಡಿ ಆರಿಸಬೇಕು. ಮುಂದಿನ ಹೋಲಿಕೆಯನ್ನು ಈ ಕಣ್ಣಿನಿಂದಲೇ ಓದಿ.

ಮೊದಲು: ವೆಲ್ಡ್ ಮಾಡಲೇಬೇಕಾ?

ಎಲ್ಲವನ್ನೂ ಬೆಸೆಯಬೇಕಿಲ್ಲ. 22 ಗೇಜ್ ಎಂದರೆ ಸುಮಾರು 0.7 ಮಿ.ಮೀ. ಆ ದಪ್ಪದ ಬೋರ್ಡು, ಮುಚ್ಚಳ, ಡಕ್ಟ್‌ಗೆ ಪಾಪ್ ರಿವೆಟ್ ಹೊಡೆದು ಸೀಲಂಟ್ ಹಚ್ಚಿದರೆ ಕೆಲಸ ಚೊಕ್ಕವಾಗುತ್ತದೆ, ಶೀಟು ಸೊಟ್ಟಗಾಗುವುದಿಲ್ಲ. ಇದರಲ್ಲಿ ನಾಚಿಕೆ ಏನಿಲ್ಲ. ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುತ್ತಾರಲ್ಲ, ಆ ವಿಮಾನಗಳ ಮೈಯ ತೆಳು ಶೀಟುಗಳೂ ಹೆಚ್ಚಾಗಿ ರಿವೆಟ್ ಮೇಲೆಯೇ ನಿಂತಿವೆ.

ಗ್ರೇಡ್, ಅಂದರೆ ಮಿಶ್ರಲೋಹದ ನಂಬರ್, ಕೂಡ ನೋಡಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಶೀಟು 1100 ಅಥವಾ 3003 ಆಗಿದ್ದರೆ ಆರಾಮ. 5052 ಕೂಡ ಚೆನ್ನಾಗಿ ಕೂಡುತ್ತದೆ. ಕಿಟಕಿ ಸೆಕ್ಷನ್ ಸಾಮಾನ್ಯವಾಗಿ 6063. ಅದು, ಅದರಣ್ಣ 6061, ಎರಡೂ ಬೆಸೆಯುತ್ತವೆ, ಆದರೆ ಫಿಲ್ಲರ್ (ಸಂದಿಗೆ ಕರಗಿಸಿ ತುಂಬುವ ಕಡ್ಡಿ) ಇಲ್ಲದೆ ಬರೀ ಅಂಚು ಕರಗಿಸಿ ಕೂಡಿಸಿದರೆ ನಡುವೆ ಬಿರುಕು ಬಿಡುತ್ತವೆ. "ಏರೋಸ್ಪೇಸ್ ಮಾಲು ಐತ್ರಿ" ಎಂದು ಯಾರಾದರೂ 7075 ಅಥವಾ 2024 ತಂದರೆ ಕೈ ಮುಗಿದು ವಾಪಸ್ ಕೊಡಿ. ಅವು ತಣ್ಣಗಾಗುವಾಗಲೇ ಸೀಳುತ್ತವೆ. ಇನ್ನು 6061-ಟಿ6 ಥರದ ಗಟ್ಟಿ ಮಾಲು ವೆಲ್ಡ್ ಪಕ್ಕದಲ್ಲಿ ತನ್ನ ಶಕ್ತಿಯ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಳೆದುಕೊಳ್ಳಬಹುದು. ಮೇಲೆ ಮನುಷ್ಯ ಹತ್ತುವ ಏಣಿಯನ್ನು ನಾನಂತೂ ಬೆಸೆದು ಕೊಡುವುದಿಲ್ಲ.

ಆರ್ಗಾನ್, ಅಂದರೆ ಎಸಿ ಟಿಗ್

ಆರ್ಗಾನ್ ಗ್ಯಾಸಿನ ಮರೆಯಲ್ಲಿ, ಟಾರ್ಚ್ ತುದಿಯ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹಚ್ಚುವ ವಿಧಾನವೇ ಟಿಗ್. ಮೊದಲು ಒಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ "ಟಿಗ್/ಆರ್ಕ್ 200" ಮಷಿನ್‌ಗಳಲ್ಲಿ ಬಹಳಷ್ಟು ಬರೀ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್. ಸ್ಟೀಲಿಗೆ ಚಿನ್ನದಂಥ ಮಷಿನ್, ಅಲ್ಯುಮಿನಿಯಂಗೆ ಬರುವುದಿಲ್ಲ. ಎಸಿ/ಡಿಸಿ ಎಂದು ಬರೆದಿರಬೇಕು. ಬೆಲೆ ಸಾಕಷ್ಟು ಜಾಸ್ತಿ ಆಗುತ್ತದೆ, ಅದಕ್ಕೇ ಅಂಗಡಿಯವರು ಈ ವಿಷಯವನ್ನು ಮೆಲ್ಲಗೆ ಹೇಳುತ್ತಾರೆ.

ಎಸಿ ಯಾಕೆ ಬೇಕು? ಕರೆಂಟ್ ಆಚೀಚೆ ತಿರುಗುವಾಗ ಒಂದು ಪಾಳಿಯಲ್ಲಿ ಟಂಗ್‌ಸ್ಟನ್ ಪಾಸಿಟಿವ್ ಆಗಿ ಶೀಟಿನ ಆಕ್ಸೈಡ್ ಪೊರೆಯನ್ನು ಕಿತ್ತು ಹಾಕುತ್ತದೆ. ಇನ್ನೊಂದು ಪಾಳಿಯಲ್ಲಿ ನೆಗೆಟಿವ್ ಆಗಿ ಶೀಟನ್ನು ಕರಗಿಸುತ್ತದೆ. ಇನ್ವರ್ಟರ್ (ಎಲೆಕ್ಟ್ರಾನಿಕ್ ಬೋರ್ಡಿನ ಹೊಸ ಥರದ) ಮಷಿನ್‌ನಲ್ಲಿ ಈ ಎರಡರ ಪಾಲನ್ನು ಬದಲಿಸುವ ನಾಬ್ ಇರುತ್ತದೆ. ಅದಕ್ಕೆ ಬ್ಯಾಲೆನ್ಸ್ ಎನ್ನುತ್ತಾರೆ. ನೆಗೆಟಿವ್ ಶೇಕಡಾ 70ರ ಹತ್ತಿರ ಇಟ್ಟು ಶುರು ಮಾಡಿ. ಒಂದು ತೊಡಕಿದೆ: ಕೆಲವು ಕಂಪನಿಗಳು ಕರಗಿಸುವ ಪಾಲನ್ನು ತೋರಿಸುತ್ತವೆ, ಕೆಲವು ಕ್ಲೀನಿಂಗ್ ಪಾಲನ್ನು. ಒಂದರಲ್ಲಿ 70 ಎಂದರೆ ಇನ್ನೊಂದರಲ್ಲಿ 30. ಪುಸ್ತಕ ನೋಡದೆ ತಿರುಗಿಸಿದರೆ ಟಂಗ್‌ಸ್ಟನ್ ತುದಿ ಕರಗಿ ಗುಂಡಗಾಗಿ ಕೂರುತ್ತದೆ. ಕ್ಲೀನಿಂಗ್ ಕಡಿಮೆಯಾದರೆ ಕರಗಿದ ಲೋಹದ ಮೇಲೆ ಕರಿ ಚುಕ್ಕೆಗಳು ತೇಲುತ್ತವೆ. ಆಗ ಸ್ವಲ್ಪ ಹೆಚ್ಚಿಸಿ.

ಫ್ರೀಕ್ವೆನ್ಸಿ ನಾಬ್ ಇದ್ದರೆ 100ರಿಂದ 120 ಹರ್ಟ್ಜ್ ಒಳ್ಳೆಯ ಜಾಗ. ಏರಿಸಿದಷ್ಟೂ ಆರ್ಕ್ ಕಿರಿದಾಗಿ ಹೇಳಿದ ಕಡೆ ಕೂರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್ ಲೈನಿನ 50 ಹರ್ಟ್ಜ್ ಮೇಲೇ ನಡೆಯುತ್ತದೆ, ಆರ್ಕ್ ಅಗಲ. ಗಟ್ಟಿಮುಟ್ಟು ಹೌದು, ಆದರೆ ಒಂದು ಮಿಲಿಮೀಟರ್ ಶೀಟಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಬಂದರೂ ಬೇಡ.

ಟಂಗ್‌ಸ್ಟನ್ 1.6 ಮಿ.ಮೀ. ಸಾಕು. ನೀಲಿ ಬಣ್ಣದ್ದು, ಅಂದರೆ 2 ಶೇಕಡಾ ಲ್ಯಾಂಥನಂ ಇರುವುದು. ಪೆನ್ಸಿಲ್‌ನಂತೆ ಚೂಪು ಮಾಡಿ, ತುದಿಯನ್ನು ಒಂಚೂರು ಚಪ್ಪಟೆ ಮಾಡಿ. ಕೆಂಪು ಬಣ್ಣದ್ದರಲ್ಲಿ ಥೋರಿಯಂ ಇರುತ್ತದೆ, ಅದು ವಿಕಿರಣ ಸೂಸುವ ವಸ್ತು. ಗ್ರೈಂಡ್ ಮಾಡುವಾಗ ಅದರ ಧೂಳು ಮೂಗಿಗೆ ಹೋಗುತ್ತದೆ, ಯಾಕೆ ಬೇಕು ಅಲ್ವಾ? ಹಸಿರು ಬಣ್ಣದ ಶುದ್ಧ ಟಂಗ್‌ಸ್ಟನ್ ಟ್ರಾನ್ಸ್‌ಫಾರ್ಮರ್ ಕಾಲದ್ದು.

ಕರೆಂಟ್ ಲೆಕ್ಕ ಸುಲಭ. ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್. 18 ಗೇಜ್ (1.2 ಮಿ.ಮೀ.) ಶೀಟಿಗೆ 50ರ ಆಸುಪಾಸು, 16 ಗೇಜ್ (1.6 ಮಿ.ಮೀ.) ಶೀಟಿಗೆ 65ರ ಆಸುಪಾಸು. ಹೊರ ಮೂಲೆಯ ಜಾಯಿಂಟ್ ಇದಕ್ಕಿಂತ ಕಡಿಮೆ ಕೇಳುತ್ತದೆ, ಒಳ ಮೂಲೆ ಜಾಸ್ತಿ ಕೇಳುತ್ತದೆ. ಇಷ್ಟು ಕರೆಂಟಿಗೆ ಸಿಂಗಲ್ ಫೇಸ್ ಸಾಕು, ತ್ರೀ ಫೇಸ್ ಇಲ್ಲ ಎಂದು ಕೂರಬೇಕಿಲ್ಲ. ಗ್ಯಾಸ್ ಶುದ್ಧ ಆರ್ಗಾನ್, ನಿಮಿಷಕ್ಕೆ 6ರಿಂದ 8 ಲೀಟರ್. ಜಾಸ್ತಿ ಬಿಟ್ಟರೆ ಜಾಸ್ತಿ ಒಳ್ಳೆಯದು ಎಂದೇನಿಲ್ಲ. ಗ್ಯಾಸ್ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. 7 ಕ್ಯೂಬಿಕ್ ಮೀಟರ್ ಸಿಲಿಂಡರ್ ಎಂದರೆ 7000 ಲೀಟರ್. ನಿಮಿಷಕ್ಕೆ 8 ಲೀಟರ್‌ನಂತೆ 14 ತಾಸಿಗೂ ಮೇಲ್ಪಟ್ಟು ಆರ್ಕ್ ಉರಿಯುತ್ತದೆ. ಬಿಡಿ ಕೆಲಸದ ಅಂಗಡಿಗೆ ಅದು ಬಹಳ ದಿನ ಬರುತ್ತದೆ.

ಇನ್ನು ಕೈ. ಆರ್ಗಾನ್ ಕಲಿಯುವುದು ಕಷ್ಟ ಅನ್ನುತ್ತಾರೆ, ನಿಜ. ಬಲಗೈಯಲ್ಲಿ ಟಾರ್ಚ್, ಎಡಗೈಯಲ್ಲಿ ಫಿಲ್ಲರ್ ಕಡ್ಡಿ, ಕಾಲಲ್ಲಿ ಪೆಡಲ್. ಮೂರೂ ಬೇರೆ ಬೇರೆ ತಾಳದಲ್ಲಿ ನಡೆಯಬೇಕು. ಆದರೆ ಏನು ನೋಡಬೇಕು ಎಂದು ಗೊತ್ತಾದರೆ ಅರ್ಧ ಕಷ್ಟ ಹೋಯಿತು. ಆರ್ಕ್ ಹಚ್ಚಿದ ಕೂಡಲೇ ಅದರ ಸುತ್ತ ಮಂಜು ಕವಿದಂಥ ಬಿಳಿ ಉಂಗುರ ಮೂಡುತ್ತದೆ. ಅದು ಪೊರೆ ಕಿತ್ತ ಗುರುತು. ನಡುವಿನ ಮೇಲ್ಮೈ ಒಂದು ಗಳಿಗೆ ಸುಕ್ಕುಗಟ್ಟಿದಂತೆ ಕಾಣುತ್ತದೆ. ತಟ್ಟನೆ ಆ ಸುಕ್ಕು ಹೋಗಿ, ಅಲ್ಲೊಂದು ಕನ್ನಡಿಯಂತೆ ಹೊಳೆಯುವ ಬೊಟ್ಟು ನಿಲ್ಲುತ್ತದೆ. ವೆಲ್ಡರ್‌ಗಳು ಪಡಲ್ ಅನ್ನುವುದು ಇದಕ್ಕೆ. ಎರಡೂ ಶೀಟಿನ ಅಂಚು ಆ ಹೊಳೆಯುವ ಬೊಟ್ಟಿನೊಳಗೆ ಬಂದಿರಬೇಕು. ಬರುವ ತನಕ ಫಿಲ್ಲರ್ ಮುಟ್ಟಿಸಬೇಡಿ. ಬಂದ ಕೂಡಲೇ ಕಡ್ಡಿಯ ತುದಿಯನ್ನು ಪಡಲ್‌ನ ಮುಂದಿನ ಅಂಚಿಗೆ ತಾಗಿಸಿ ತೆಗೆಯಿರಿ, ಒಂದೆರಡು ಮಿಲಿಮೀಟರ್ ಮುಂದೆ ಸರಿಯಿರಿ, ಮತ್ತೆ ತಾಗಿಸಿ.

ಕಡ್ಡಿಯನ್ನು ಆರ್ಕಿಗೆ ಕೊಟ್ಟರೆ ಅದು ಗೋಲಿಯಾಗಿ ಉದುರುತ್ತದೆ. ಅದಕ್ಕೇ ಕಡ್ಡಿ ಶೀಟಿಗೆ ಹತ್ತಿರ ಮಲಗಿದಂತಿರಬೇಕು. ತೆಗೆಯುವಾಗಲೂ ಗ್ಯಾಸ್ ನೆರಳಿನಿಂದ ಹೊರಗೆ ಎಳೆಯಬಾರದು. ಬಿಸಿ ತುದಿಗೆ ಗಾಳಿ ತಾಗಿದರೆ ಅದರ ಮೇಲೂ ಪೊರೆ ಕೂತು, ಮುಂದಿನ ಬಾರಿ ಕಸ ಪಡಲ್ ಒಳಗೇ ಬೀಳುತ್ತದೆ. ಟಾರ್ಚ್ ಹೋಗುವ ದಿಕ್ಕಿಗೆ ಗ್ಯಾಸ್ ಬೀಸುವಂತೆ 10-15 ಡಿಗ್ರಿ ಮಾತ್ರ ವಾಲಿರಲಿ. ಟಂಗ್‌ಸ್ಟನ್‌ಗೂ ಶೀಟಿಗೂ ನಡುವೆ ಟಂಗ್‌ಸ್ಟನ್‌ನ ದಪ್ಪದಷ್ಟೇ ಜಾಗ. ಹೊಸಬರು ಹೆದರಿ ಟಾರ್ಚ್ ಮೇಲೆತ್ತುತ್ತಾರೆ. ಎತ್ತಿದರೆ ಆರ್ಕ್ ಅಗಲವಾಗಿ ಶಾಖ ಇನ್ನೂ ಹರಡುತ್ತದೆ, ತೂತು ಬೀಳುವುದು ಆಗಲೇ.

ಪಡಲ್ ನಡುವೆ ತಗ್ಗಾಗುತ್ತಿದೆ ಎಂದರೆ ಲೋಹ ಕೆಳಗೆ ಬೀಳಲು ಹೊರಟಿದೆ. ಆಗ ಓಡಬೇಡಿ. ಪೆಡಲ್ ಬಿಟ್ಟು ಬಿಟ್ಟು ಒತ್ತಿ, ತಣ್ಣನೆಯ ಕಡ್ಡಿಯನ್ನು ಒಂದು ಸಲ ಜಾಸ್ತಿ ಕೊಡಿ. ಕಡ್ಡಿಯೇ ಶಾಖ ಎಳೆದುಕೊಂಡು ಪಡಲ್ ಗಟ್ಟಿಯಾಗುತ್ತದೆ. ಸೀಮಿನ (ಬೆಸೆದ ಗೆರೆಯ) ಕೊನೆಯಲ್ಲೂ ಒಮ್ಮೆಗೇ ಆರ್ಕ್ ಕಡಿಯಬಾರದು. ಕರೆಂಟ್ ಇಳಿಸುತ್ತಾ ಒಂದು ಹನಿ ಫಿಲ್ಲರ್ ತುಂಬಿಸಿ, ಗ್ಯಾಸ್ ನಿಲ್ಲುವ ತನಕ ಟಾರ್ಚ್ ಅಲ್ಲೇ ಹಿಡಿದಿರಿ. ಇಲ್ಲವಾದರೆ ಕೊನೆಯ ಗುಳಿಯಿಂದಲೇ ಬಿರುಕು ಶುರು.

ಪೆಡಲ್ ಬೇಕೇ ಬೇಕಾ ಎಂದು ಕೇಳುವವರಿಗೆ: ಪಲ್ಸ್ (ಕರೆಂಟ್ ತಾನಾಗಿ ಏರಿಳಿಯುವ ಸೌಲಭ್ಯ) ಇಟ್ಟುಕೊಂಡು ಟಾರ್ಚ್ ಸ್ವಿಚ್‌ನಲ್ಲೂ ಮಾಡಬಹುದು, ನಿಂತು ಅಥವಾ ಏರಿ ಮಾಡುವ ಕೆಲಸಕ್ಕೆ ಪೆಡಲ್ ಒತ್ತುವುದೂ ಕಷ್ಟ. ಆದರೆ ಟೇಬಲ್ ಮೇಲೆ ಕಲಿಯುವವರಿಗೆ ಪೆಡಲ್‌ಗೆ ಕೊಡುವ ದುಡ್ಡು ವ್ಯರ್ಥವಲ್ಲ. ಮಷಿನ್‌ನಲ್ಲಿ ಒಂದು ದರ್ಜೆ ಇಳಿದರೂ ಪರವಾಗಿಲ್ಲ, ಪೆಡಲ್ ಬಿಡಬೇಡಿ.

ಯಾವ ಮಷಿನ್ ಆದರೂ ಈ ತಯಾರಿ ಒಂದೇ

ಮೊದಲು ಜಿಡ್ಡು, ಆಮೇಲೆ ಬ್ರಷ್. ಉಲ್ಟಾ ಮಾಡಿದರೆ ಎಣ್ಣೆಯನ್ನು ಗೀರುಗಳೊಳಗೆ ತಿಕ್ಕಿ ಕೂರಿಸಿದಂತೆ. ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಸ್ಟೇನ್‌ಲೆಸ್ ಬ್ರಷ್‌ನಿಂದ ಹಗುರವಾಗಿ ಉಜ್ಜಿ. ಆ ಬ್ರಷ್ ಅಲ್ಯುಮಿನಿಯಂಗೆ ಮಾತ್ರ. ಕಬ್ಬಿಣ ತಿಕ್ಕಿದ ಬ್ರಷ್ ಬಂದರೆ ಕಬ್ಬಿಣದ ಪುಡಿಯೂ ಬರುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಮಾತ್ರ ಬೇಡವೇ ಬೇಡ. ಅದರಲ್ಲಿ ಕ್ಲೋರಿನ್ ಇರುವ ದ್ರಾವಕವಿದ್ದರೆ ಆರ್ಕಿನ ಶಾಖ, ಬೆಳಕಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಜಾಯಿಂಟ್ ಹಿಂದೆ ತಾಮ್ರದ ಪಟ್ಟಿ ಒತ್ತಿ ಕ್ಲಾಂಪ್ ಹಾಕಿ. ಗುಜರಿಯಲ್ಲಿ ಸಿಗುವ ಹಳೆಯ ಬಸ್ ಬಾರ್ (ಕರೆಂಟ್ ಬೋರ್ಡಿನ ತಾಮ್ರದ ಪಟ್ಟಿ) ತುಂಡು ಸಾಕು. ಅದು ಶಾಖ ಕುಡಿಯುತ್ತದೆ, ಕರಗಿದ ಲೋಹ ಕೆಳಗಿಳಿಯದಂತೆ ತಡೆಯುತ್ತದೆ, ಅಲ್ಯುಮಿನಿಯಂ ಅದಕ್ಕೆ ಸುಲಭಕ್ಕೆ ಅಂಟುವುದೂ ಇಲ್ಲ. ಟಾಕಾ (ಹಿಡಿದು ನಿಲ್ಲಿಸುವ ಚಿಕ್ಕ ಬೆಸುಗೆ) 25-30 ಮಿ.ಮೀ.ಗೆ ಒಂದರಂತೆ, ಮೊದಲು ಎರಡು ತುದಿ, ಆಮೇಲೆ ನಡು, ಆಮೇಲೆ ನಡುವಿನ ನಡು. ಒಂದು ಕಡೆಯಿಂದ ಟಾಕಾ ಹಾಕುತ್ತಾ ಹೋದರೆ ಇನ್ನೊಂದು ತುದಿಯಲ್ಲಿ ಶೀಟು ಬಾಯಿ ತೆರೆದು ನಿಲ್ಲುತ್ತದೆ. ವಿನ್ಯಾಸ ನಿಮ್ಮ ಕೈಯಲ್ಲಿದ್ದರೆ ಎರಡೂ ಅಂಚನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಮಡಚಿಬಿಡಿ. ಆ ಮಡಿಕೆಯನ್ನು ಕರಗಿಸಿದರೆ ಅದೇ ಫಿಲ್ಲರ್ ಆಗುತ್ತದೆ. ಸಾದಾ 1100, 3003 ಶೀಟಿಗೆ ಈ ಉಪಾಯ ನಡೆಯುತ್ತದೆ, 6061ಗೆ ಬೇಡ.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ. ಕರಗಿದ ಅಲ್ಯುಮಿನಿಯಂ ತೇವದಲ್ಲಿನ ಹೈಡ್ರೋಜನ್ ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಹೊರಗೆ ಬಿಡುತ್ತದೆ. ಹೊರಗೆ ಹೋಗಲಾಗದ್ದು ಒಳಗೇ ಸೂಜಿ ತೂತಾಗಿ ಉಳಿಯುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಸೀಮು ಆಗಸ್ಟ್‌ನಲ್ಲಿ ಯಾಕೆ ಲೀಕ್ ಆಗುತ್ತದೆ ಎಂದರೆ ಇದೇ ಕಾರಣ ಇರಬಹುದು. ಫಿಲ್ಲರ್ ಕಡ್ಡಿಗಳನ್ನು ಎರಡೂ ಕಡೆ ಮುಚ್ಚಳ ಇರುವ ಪಿವಿಸಿ ಪೈಪಿನಲ್ಲಿಡಿ. ಶೀಟನ್ನು ಮುಟ್ಟಿದರೆ ಬೆಚ್ಚಗೆನಿಸುವಷ್ಟು ಒಣಗಿಸಿ. ಬಾಗಿಲ ಗಾಳಿಗೆ ಅಡ್ಡ ಇಡಿ, ಫ್ಯಾನ್ ಆಫ್ ಮಾಡಿ.

ಮಿಗ್: ವೇಗ ಇದೆ, ತಾಳ್ಮೆ ಇಲ್ಲ

ಗನ್ನಿನಿಂದ ವೈರ್ ತಾನಾಗಿ ಬಂದು ಕರಗುವ, ನಮ್ಮ ಕಡೆ ಸಿಒಟು ವೆಲ್ಡಿಂಗ್ ಎಂದೇ ಕರೆಯುವ ಮಷಿನ್ ಬಹಳ ಅಂಗಡಿಗಳಲ್ಲಿದೆ. ಅದಕ್ಕೇ ಅಲ್ಯುಮಿನಿಯಂ ವೈರ್ ಹಾಕಿದರೆ ಆಗಲ್ವಾ? ಗ್ಯಾಸ್ ಬದಲಿಸಲೇಬೇಕು. ಸಿಒಟು ಆಗಲಿ, ಅದರ ಮಿಶ್ರಣವಾಗಲಿ ನಡೆಯುವುದಿಲ್ಲ, ಶುದ್ಧ ಆರ್ಗಾನ್ ಬೇಕು. ಖರ್ಚೂ ಜಾಸ್ತಿ, ನಿಮಿಷಕ್ಕೆ 15 ಲೀಟರ್ ಆಸುಪಾಸು. ಅದೇ ಸಿಲಿಂಡರ್ 8 ತಾಸಿನೊಳಗೆ ಮುಗಿಯುತ್ತದೆ.

ಎರಡನೇ ತಲೆನೋವು ವೈರ್. ಅಲ್ಯುಮಿನಿಯಂ ವೈರ್ ಮೆತ್ತಗೆ. ಮೂರು ಮೀಟರ್ ಕೇಬಲ್ ಒಳಗೆ ತಳ್ಳಿದರೆ ಎಲ್ಲೋ ತಡೆದು ರೋಲರ್ ಹತ್ತಿರ ಸುತ್ತಿ ಸುತ್ತಿ ಗಂಟಾಗುತ್ತದೆ. ಯು ಆಕಾರದ ತೋಡಿನ ರೋಲರ್, ಕೇಬಲ್ ಒಳಗೆ ಟೆಫ್ಲಾನ್ ಕೊಳವೆ (ಲೈನರ್), ಅಲ್ಯುಮಿನಿಯಂಗೆಂದೇ ತುಸು ದೊಡ್ಡ ತೂತಿನ ಟಿಪ್ ಹಾಕಿ, ಕೇಬಲ್ ನೆಟ್ಟಗೆ ಇಟ್ಟರೆ ಸುಧಾರಿಸುತ್ತದೆ. ಸ್ಪೂಲ್ ಗನ್ ತಗೊಂಡರೆ ಗಂಟಿನ ಕಾಟವೇ ಇಲ್ಲ. ಪುಟ್ಟ ಸ್ಪೂಲು ಗನ್ ಮೇಲೇ ಕೂತಿರುತ್ತದೆ, ಆದರೆ ಕೈಗೆ ಭಾರ, ಇಕ್ಕಟ್ಟಿನಲ್ಲಿ ತೂರುವುದಿಲ್ಲ.

ಅಸಲಿ ತೊಂದರೆ ಬೇರೆ. ಮಿಗ್‌ನಲ್ಲಿ ಶಾಖ ಮತ್ತು ಫಿಲ್ಲರ್ ಒಂದೇ ದಾರಕ್ಕೆ ಕಟ್ಟಿವೆ. ಶಾಖ ಕಡಿಮೆ ಮಾಡಬೇಕೆಂದರೆ ವೈರ್ ವೇಗ ಇಳಿಸಬೇಕು, ಇಳಿಸಿದರೆ ಹನಿ ಸರಿಯಾಗಿ ಕಳಚುವುದಿಲ್ಲ. 1.0 ಮಿ.ಮೀ. ವೈರ್ ಚೊಕ್ಕವಾಗಿ ತುಂತುರಾಗಿ ಸುರಿಯಲು ಮಷಿನ್ ನೂರರ ಆಸುಪಾಸು ಆಂಪ್ ಕೇಳುತ್ತದೆ. ಒಂದು ಮಿಲಿಮೀಟರ್ ಶೀಟಿಗೆ ಅಷ್ಟು ಕೊಟ್ಟರೆ ಏನಾಗುತ್ತದೆ ಹೇಳಬೇಕಿಲ್ಲ. ಹಾಗಾಗಿ ಸಾದಾ ಮಿಗ್ 3 ಮಿ.ಮೀ. ಮೇಲ್ಪಟ್ಟ ಕೆಲಸಕ್ಕೆ ಸರಿ.

ಪಲ್ಸ್ ಮಿಗ್ ಈ ಗಂಟು ಬಿಡಿಸುತ್ತದೆ. ಕ್ಷಣಕಾಲ ಕರೆಂಟ್ ಏರಿಸಿ ಒಂದು ಹನಿ ಉದುರಿಸಿ, ಕೂಡಲೇ ಇಳಿಸುತ್ತದೆ. ಸರಾಸರಿ ಶಾಖ ಕಡಿಮೆ. 1.5-2 ಮಿ.ಮೀ. ಶೀಟಿನಲ್ಲಿ ಉದ್ದ ಉದ್ದ ಸೀಮು, ದಿನವಿಡೀ ಒಂದೇ ಕೆಲಸ, ಇದ್ದರೆ ಇದಕ್ಕೆ ಸಾಟಿ ಇಲ್ಲ. ವೇಗವಾಗಿ ಸಾಗುವುದರಿಂದ ಶೀಟು ಸೊಟ್ಟಗಾಗುವುದೂ ಕಡಿಮೆ. ಹೊಸ ಹುಡುಗನಿಗೆ ಆರ್ಗಾನ್‌ಗಿಂತ ಬೇಗ ಕೈ ಕೂರುತ್ತದೆ. ಗನ್ ಯಾವಾಗಲೂ ಮುಂದಕ್ಕೆ ತಳ್ಳುತ್ತಾ ಹೋಗಬೇಕು, ಎಳೆದರೆ ಸೀಮಿನ ಮೇಲೆ ಮಸಿ ಹಿಡಿಯುತ್ತದೆ. ಶುರುವಿನ ಒಂದು ಸೆಂಟಿಮೀಟರ್ ಮೇಲೆ ಕಣ್ಣಿಡಿ. ಶೀಟು ತಣ್ಣಗಿರುವುದರಿಂದ ಅಲ್ಲಿ ಲೋಹ ಮೇಲೆ ಕೂತಿರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಹಾಟ್ ಸ್ಟಾರ್ಟ್ (ಶುರುವಿಗೆ ಮಾತ್ರ ಕರೆಂಟ್ ಏರಿಸುವ) ಸೌಲಭ್ಯ ಇರುವ ಮಷಿನ್ ಇದಕ್ಕಾಗಿಯೇ.

ಗ್ಯಾಸ್, ಅಂಟು ಕಡ್ಡಿ, ಸ್ಟಿಕ್

ಆಕ್ಸಿ-ಅಸಿಟಿಲಿನ್ ಜ್ವಾಲೆಯಲ್ಲಿ, ಫ್ಲಕ್ಸ್ (ಆಕ್ಸೈಡ್ ಪೊರೆ ಬಿಡಿಸುವ ಪುಡಿ) ಹಚ್ಚಿ ತೆಳು ಅಲ್ಯುಮಿನಿಯಂ ಬೆಸೆಯುವ ಹಳೆಯ ಕೈಗಳು ಇನ್ನೂ ಇವೆ. ಜರ್ಮನ್ ಬೋಗುಣಿಯ ಬಿರುಕು, ಹಾಲಿನ ಕ್ಯಾನಿನ ಹಿಡಿಕೆ ಇಂಥವಕ್ಕೆ ಅವರ ಕೆಲಸ ನೋಡುವಂತಿರುತ್ತದೆ. ವಿದ್ಯುತ್ ಬೇಡ, ಬಂಡವಾಳ ಕಡಿಮೆ. ಆದರೆ ಶಾಖ ಅಗಲಕ್ಕೆ ಹರಡಿ ಶೀಟು ಅಲೆಅಲೆಯಾಗುತ್ತದೆ. ಫ್ಲಕ್ಸ್ ಕಾದಾಗ ಏಳುವ ಕಿತ್ತಳೆ-ಹಳದಿ ಬೆಳಕು ಪಡಲ್ ಅನ್ನೇ ಮುಚ್ಚುತ್ತದೆ, ಆ ಬೆಳಕು ತಡೆಯುವ ಬೇರೆ ಗಾಜಿನ ಕನ್ನಡಕ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರಿನಲ್ಲಿ ಫ್ಲಕ್ಸ್ ಪೂರ್ತಿ ತೊಳೆಯದಿದ್ದರೆ ಅದು ಲೋಹವನ್ನೇ ತಿನ್ನುತ್ತದೆ. ಕೈ ಇದ್ದವರು ಬಿಡಬೇಡಿ. ಹೊಸದಾಗಿ ಕಲಿಯಲು ನಾನು ಹೇಳುವುದಿಲ್ಲ.

ಆನ್‌ಲೈನ್‌ನಲ್ಲಿ ಮಾರುವ "ಲೈಟರ್‌ನಲ್ಲೇ ವೆಲ್ಡ್ ಆಗುತ್ತೆ" ಎಂಬ ಕಡ್ಡಿಗಳು ಬೇರೆ ಜಾತಿ. ಅವು ಹೆಚ್ಚಾಗಿ ಸತು-ಅಲ್ಯುಮಿನಿಯಂ ಮಿಶ್ರಣ, 400 ಡಿಗ್ರಿ ಹತ್ತಿರ ಕರಗುತ್ತವೆ. ಶೀಟನ್ನು ಕಾಯಿಸಿ, ಕಡ್ಡಿಯನ್ನು ಅದರ ಮೇಲೆ ಉಜ್ಜಬೇಕು. ಜ್ವಾಲೆ ನೇರ ಕಡ್ಡಿಗೆ ತಾಗಬಾರದು. ಲೈಟರ್‌ನಲ್ಲಿ ಆಗುವ ಮಾತಲ್ಲ, ಟಾರ್ಚ್ ಬೇಕು. ಏರ್ ಕಂಡಿಷನರ್ ರಿಪೇರಿಯವರು ತಾಮ್ರ-ಅಲ್ಯುಮಿನಿಯಂ ಟ್ಯೂಬ್ ಕೂಡಿಸಲು ಫ್ಲಕ್ಸ್ ತುಂಬಿದ ಇಂಥ ಕಡ್ಡಿ ಬಳಸುತ್ತಾರೆ, ಅಲ್ಲಿ ಸರಿ. ಒಲೆಯ ಮೇಲಿಡುವ ಪಾತ್ರೆಗೆ ಬೇಡ. ಇನ್ನೊಂದು ನೆನಪಿಡಿ: ಒಮ್ಮೆ ಸತುವಿನ ಕಡ್ಡಿ ಹಾಕಿದ ಜಾಗವನ್ನು ಆಮೇಲೆ ಆರ್ಗಾನ್‌ನಲ್ಲಿ ಬೆಸೆಯಲು ಹೋದರೆ ಸತು ಕುದಿದು ಬಿಳಿ ಹೊಗೆ, ಪಟಪಟ ಸಿಡಿತ, ತೂತು. ಗಿರಾಕಿಯನ್ನು ಮೊದಲೇ ಕೇಳಿ, "ಇದಕ್ಕ ಏನರ ಹಚ್ಚೀರೇನ್ರಿ?"

ಅಲ್ಯುಮಿನಿಯಂ ಸ್ಟಿಕ್ ಎಲೆಕ್ಟ್ರೋಡ್ 3 ಮಿ.ಮೀ. ಮೇಲ್ಪಟ್ಟ ದಪ್ಪಕ್ಕೆ, ತುರ್ತಿಗೆ. ತೆಳು ಶೀಟಿನ ಮಾತಿಗೆ ಅದು ಬರುವುದೇ ಇಲ್ಲ.

ಲೇಸರ್

ಕೈಯಲ್ಲಿ ಹಿಡಿಯುವ 1ರಿಂದ 2 ಕಿಲೋವ್ಯಾಟ್ ಫೈಬರ್ ಲೇಸರ್ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ವೇಗ ಬಹಳ, ಶಾಖ ಕಿರಿದಾದ ಗೆರೆಯಲ್ಲೇ ಇರುತ್ತದೆ, ಒಂದು ಮಿಲಿಮೀಟರ್ ಶೀಟು ಸೊಟ್ಟಗಾಗುವುದು ಕಡಿಮೆ. ಪ್ಯಾನೆಲ್ ಬಾಕ್ಸ್, ಸೈನ್ ಬೋರ್ಡಿನಂಥ ಒಂದೇ ಅಳತೆಯ ನೂರಾರು ತುಂಡು ಮಾಡುವವರಿಗೆ ಲೆಕ್ಕ ಸರಿಹೋಗುತ್ತದೆ. ಆದರೆ ಕಿರಣ ಎಷ್ಟು ಸಣ್ಣದೋ ಅದರ ಹಟ ಅಷ್ಟು ದೊಡ್ಡದು. ಅಂಚುಗಳ ನಡುವೆ ಸಂದಿ ಇದ್ದರೆ ಕಿರಣ ಸಂದಿಯಲ್ಲೇ ಹಾದುಹೋಗುತ್ತದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಕಟಿಂಗ್, ಬೆಂಡಿಂಗ್ ಕೈಗೆಟುಕದ ಅಂಗಡಿಗೆ ಲೇಸರ್ ತಂದರೆ ಅರ್ಧ ದಿನ ಫಿಟ್ಟಿಂಗ್‌ನಲ್ಲೇ ಹೋಗುತ್ತದೆ. 6063ಗೆ ವೈರ್ ಫೀಡರ್ ಇಲ್ಲದೆ ಮಾಡಿದರೆ ಬಿರುಕಿನ ಭಯವೂ ಉಂಟು.

ಕಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಈ ಕಿರಣ ಸುಮಾರು 1070-1080 ನ್ಯಾನೋಮೀಟರ್, ಕಣ್ಣಿಗೆ ಕಾಣುವುದಿಲ್ಲ. ಅಲ್ಯುಮಿನಿಯಂ ಅದನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಹಾಗೆ ಚಿಮ್ಮಿದ ಕಿರಣ ಅತ್ತ ನಿಂತವರ ಕಣ್ಣಿನ ಪರದೆಯನ್ನು ಸುಡಬಹುದು, ಸುಟ್ಟದ್ದು ವಾಪಸ್ ಬರುವುದಿಲ್ಲ. ಸಾದಾ ವೆಲ್ಡಿಂಗ್ ಗಾಜನ್ನು ನಂಬಬೇಡಿ, ಆ ತರಂಗಕ್ಕೆಂದೇ ಮಾಡಿದ ಕನ್ನಡಕ ಬೇಕು, ಸುತ್ತ ಮುಚ್ಚಿದ ಕೋಣೆ ಬೇಕು. ರಸ್ತೆಗೆ ತೆರೆದ ಶಟರ್, ಪಕ್ಕದಲ್ಲಿ ಚಹಾ ಕುಡಿಯುತ್ತಾ ನಿಂತ ಗಿರಾಕಿ, ಇಂಥ ಅಂಗಡಿಗೆ ಲೇಸರ್ ಬೇಡ.

4043 ಅಥವಾ 5356

ಫಿಲ್ಲರ್ ಆಯ್ಕೆಯನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. 4043ರಲ್ಲಿ ಸುಮಾರು 5 ಶೇಕಡಾ ಸಿಲಿಕಾನ್. ಸರಾಗವಾಗಿ ಹರಿಯುತ್ತದೆ, ಬಿರುಕು ಕಡಿಮೆ. ಬೈಕ್ ಎಂಜಿನ್ ಕವರ್‌ನಂಥ ಎರಕದ ತುಂಡು, 6063 ಸೆಕ್ಷನ್, ಸಾದಾ ಶೀಟು ಎಲ್ಲದಕ್ಕೂ ನಡೆಯುತ್ತದೆ. ಕಲಿಯುವವರಿಗೆ ಇದೇ. 5356ರಲ್ಲಿ ಸುಮಾರು 5 ಶೇಕಡಾ ಮೆಗ್ನೀಷಿಯಂ. ಸೀಮು ಗಟ್ಟಿ, 5052 ಶೀಟಿಗೆ ಸರಿಜೋಡಿ, ವೈರ್ ಬಿರುಸಾಗಿರುವುದರಿಂದ ಮಿಗ್‌ನಲ್ಲಿ ಸಲೀಸಾಗಿ ಓಡುತ್ತದೆ. ಗಿರಾಕಿ ಆಮೇಲೆ ಅನೋಡೈಸ್ (ಕರೆಂಟ್ ಹಾಯಿಸಿ ಮೈಮೇಲೆ ಆಕ್ಸೈಡ್ ಲೇಪ ಕೂರಿಸುವುದು) ಮಾಡಿಸುತ್ತೇನೆ ಎಂದರೆ 5356ನೇ ಹಾಕಿ. 4043 ಹಾಕಿದ ಸೀಮು ಅನೋಡೈಸ್ ಆದಮೇಲೆ ಕಪ್ಪು-ಬೂದಿ ಗೆರೆಯಾಗಿ ಎದ್ದು ಕಾಣುತ್ತದೆ. ಆದರೆ ಯಾವಾಗಲೂ 65 ಡಿಗ್ರಿಗಿಂತ ಬಿಸಿಯಾಗಿರುವ ಭಾಗಕ್ಕೆ, ಉದಾಹರಣೆಗೆ ರೇಡಿಯೇಟರ್ ಟ್ಯಾಂಕಿಗೆ, 5356 ಬೇಡ, 4043 ಇರಲಿ. ಕಡ್ಡಿ 1.6 ಮಿ.ಮೀ. ಸಾಕು. ಶೀಟಿಗಿಂತ ಬಹಳ ದಪ್ಪ ಕಡ್ಡಿ ಹಿಡಿದರೆ ಅದನ್ನು ಕರಗಿಸುವ ಶಾಖಕ್ಕೆ ಶೀಟೇ ಹೋಗುತ್ತದೆ.

ಯಾವ ಅಂಗಡಿಗೆ ಯಾವುದು

ರಿಪೇರಿ ಅಂಗಡಿ, ದಿನಕ್ಕೊಂದು ಥರದ ಕೆಲಸ, ಇಂದು ಎಂಜಿನ್ ಕವರ್, ನಾಳೆ ಕಿಟಕಿ ಫ್ರೇಮ್: ಎಸಿ ಆರ್ಗಾನ್, ಎರಡನೇ ಯೋಚನೆ ಬೇಡ. ಎಣ್ಣೆ ಕುಡಿದ ಎರಕದ ತುಂಡಿಗೆ ತೊಳೆಯುವ ಸಮಯದ ದುಡ್ಡನ್ನೂ ಸೇರಿಸಿ ಕೇಳಿ. ಪೆಟ್ರೋಲ್ ತುಂಬಿದ್ದ ಟ್ಯಾಂಕ್ ತಂದರೆ ಮಾತ್ರ, ಖಾಲಿ ಇದೆ ಎಂದು ಎಷ್ಟೇ ಹೇಳಿದರೂ, ಬೆಂಕಿ ಹತ್ತಿರ ಒಯ್ಯಬೇಡಿ. ಒಳಗಿನ ಆವಿಯೇ ಸಿಡಿಯಲು ಸಾಕು.

ವಾಹನದ ಬಾಡಿ, ಲಗೇಜ್ ಬಾಕ್ಸ್, 2-3 ಮಿ.ಮೀ. ಶೀಟಿನ ಉದ್ದ ಸೀಮಿನ ಆರ್ಡರ್ ಕೈಯಲ್ಲಿದ್ದರೆ ಪಲ್ಸ್ ಮಿಗ್. ಆರ್ಡರ್ ಬರುತ್ತದೆ ಎಂಬ ನಂಬಿಕೆಯ ಮೇಲೆ ಮಾತ್ರ ತರಬೇಡಿ. ಒಂದೇ ತುಂಡು ಸಾವಿರ ಸಲ ಮಾಡುವ ಕಾರ್ಖಾನೆಗೆ ಲೇಸರ್. ಏರ್ ಕಂಡಿಷನರ್ ಮೆಕ್ಯಾನಿಕ್‌ಗೆ ಫ್ಲಕ್ಸ್ ತುಂಬಿದ ಅಂಟು ಕಡ್ಡಿ. 0.8 ಮಿ.ಮೀ. ಕೆಳಗೆ ಎಲ್ಲರಿಗೂ ರಿವೆಟ್.

ಮಷಿನ್ ನೋಡಲು ಹೋಗುವಾಗ ನಿಮ್ಮದೇ ಒಂದು ಮಿಲಿಮೀಟರ್ ಶೀಟಿನ ನಾಲ್ಕು ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ಡೆಮೊಗೆ 3 ಮಿ.ಮೀ. ಪ್ಲೇಟ್ ತೆಗೆಯುತ್ತಾರೆ, ಅದರ ಮೇಲೆ ಯಾವ ಮಷಿನ್ ಆದರೂ ಚೆಂದ ಕಾಣುತ್ತದೆ. ಎಸಿಯಲ್ಲಿ 20 ಆಂಪ್ ಇಟ್ಟು ಆರ್ಕ್ ಹಚ್ಚಲು ಹೇಳಿ. ಮೊದಲ ಸಲಕ್ಕೇ ಹತ್ತುತ್ತದಾ, ನಿಂತ ಕಡೆ ನಿಲ್ಲುತ್ತದಾ, ಇಲ್ಲ ಪತರಗುಟ್ಟಿ ಆರುತ್ತದಾ? ನಾಲ್ಕೈದು ಸಲ ಆರಿಸಿ ಹಚ್ಚಿಸಿ ನೋಡಿ. ಆಮೇಲೆ ಪೆಡಲ್ ಸಿಕ್ಕಿಸಿ ಮೆಲ್ಲಗೆ ಒತ್ತಲು ಹೇಳಿ. ಕರೆಂಟ್ ನಯವಾಗಿ ಏರಬೇಕು. ಒಮ್ಮೆಗೇ ಜಿಗಿಯುವ ಪೆಡಲ್ ಇದ್ದೂ ಇಲ್ಲದಂತೆ. ಕೊಟೇಶನ್‌ನಲ್ಲಿ ಪೆಡಲ್, ಆರ್ಗಾನ್ ರೆಗ್ಯುಲೇಟರ್, ಟಾರ್ಚ್ ಸೇರಿವೆಯೋ ಬೇರೆಯೋ ಎಂದು ಬರೆಸಿಕೊಳ್ಳಿ. ಬೋರ್ಡ್ ಸುಟ್ಟರೆ ಬೆಳಗಾವಿಯಲ್ಲೇ ರಿಪೇರಿ ಆಗುತ್ತದಾ, ಪುಣೆಗೋ ಬೆಂಗಳೂರಿಗೋ ಕಳಿಸಬೇಕಾ, ಅದನ್ನೂ ದುಡ್ಡು ಕೊಡುವ ಮೊದಲೇ ಕೇಳಿ.